ಪೋಲೋ ಜಿಟಿಗೆ ಸೆಕೆಂಡ್ ಹ್ಯಾಂಡ್ ಕಾಯಿಲೋವರ್: ಬೆಳಗಾವಿ ರಸ್ತಾದಾಗ ಓಡಿಸಿ ನೋಡಿದ್ ಮ್ಯಾಲ ಬರದ ರಿವ್ಯೂ

ಮೊದ್ಲ ತೀರ್ಪು ಹೇಳಿಬಿಡ್ತೀನಿ, ಪೂರಾ ಓದಾಕ ಪುರಸೊತ್ತ ಇಲ್ಲದವ್ರಿಗೆ. ಸೆಕೆಂಡ್ ಹ್ಯಾಂಡ್ ಅಡ್ಜಸ್ಟೇಬಲ್ ಕಾಯಿಲೋವರ್, ಅಂದ್ರ ಎತ್ತರ, ಬಿಗಿ ನಾವ ಹೊಂದಿಸ್ಕೊಳ್ಳೂ ಸ್ಪ್ರಿಂಗ್-ಶಾಕಪ್ ಸೆಟ್, ತಗೋಬಹುದು, ಆದ್ರ ಕಿಟ್‌ಗೆ ಕೊಟ್ಟ ರೊಕ್ಕದ ಅರ್ಧದಷ್ಟು ಮತ್ತ ಸರ್ವಿಸ್‌ಗೆ ತಗದಿಟ್ಟಿರ್ಬೇಕು, ಮತ್ತ ಗಾಡಿ ನೆಲಕ್ಕ ಹತ್ತಿಸೂ ಆಸೆ ಇದ್ರ ನಮ್ಮೂರಾಗ ಇದು ನಿಮಗಲ್ಲ. ಕಿಟ್‌ಗೆ ಹತ್ತಕ್ಕ ಎಂಟು ಕೊಡ್ತೀನಿ, ಅದನ್ನ ಬಿಚ್ಚಿ ಸೀಲ್ ಬದಲಿ ಮಾಡಿಕೊಟ್ಟ ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾದ ಹೈಡ್ರಾಲಿಕ್ ಶೆಡ್ಡಿಗೆ ಹತ್ತಕ್ಕ ಹತ್ತು.

ಗಾಡಿ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್ಐ, 2013ರಾಗ ಬಂದ ಮೊದಲಿನ ಮಾಡಲ್, 1.2 ಟರ್ಬೊ ಪೆಟ್ರೋಲ್, 105 ಪಿಎಸ್, 175 ಎನ್ಎಂ ಟಾರ್ಕ್, 7 ಸ್ಪೀಡ್ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್. ಇವತ್ತಿನ ಲೆಕ್ಕದಾಗ ಈ ನಂಬರ್ ದೊಡ್ಡು ಅನಸೂದಿಲ್ಲ ಆದ್ರ ಗಾಡಿ ತೂಕ 1100 ಕೆಜಿ ಆಸುಪಾಸು ಅಷ್ಟ, ಹಂಗಾಗಿ ಕಾಲ್ ಇಟ್ರ ಸಾಕು ಓಡ್ತೈತಿ. 2022ಕ್ಕ ಫೋಕ್ಸ್‌ವ್ಯಾಗನ್ ಇಲ್ಲಿ ಪೋಲೋ ಬಂದ್ ಮಾಡಿದ್ ಮ್ಯಾಲ ಇದನ್ನ ಇಟ್ಕೊಂಡವ್ರು ಭಾಳ ಮಂದಿ ಮಾರಾಕ ಒಲ್ಲೆ ಅಂತಾರ, ರಿಪೇರಿ ಮಾಡ್ಕೋತ ಅಪ್‌ಗ್ರೇಡ್ ಮಾಡ್ಕೋತ ಇಟ್ಕೊಂಡಾರ, ನಾನೂ ಅದ ಗುಂಪಿನಾಂವ. ಎಂಜಿನ್ ಇನ್ನೂ ಖಡಕ್ ಐತಿ. ಕಂಪನಿ ಶಾಕಪ್ ಮಾತ್ರ ಲಕ್ಷ ಕಿಲೋಮೀಟರ್ ದಾಟಿದ್ ಮ್ಯಾಲ ಸತ್ತಿದ್ವು. ಕಾಕತಿ ದಾಟಿ ಹೈವೇ ಮ್ಯಾಲ ಬ್ರಿಜ್ ಜಾಯಿಂಟ್ ಬಂದಾಗ ಇಲ್ಲಾ ವಂಟಮುರಿ ಘಾಟ್ ಇಳಿಯುವಾಗ ಹಿಂದಿನ ಭಾಗ ಒಂದ್ ಸಲ ಏಳತಿತ್ತು, ಕೂಡತಿತ್ತು, ಮತ್ತ ಏಳತಿತ್ತು, ಅಷ್ಟೊತ್ತಿಗೆ ಮುಂದಿನ ತಿರುವ ಬಂದ ಬಿಟ್ಟಿರ್ತಿತ್ತು. ಹೊಸಾ ಕಂಪನಿ ಶಾಕಪ್ ನಾಲ್ಕು, ಮ್ಯಾಲಿನ ಮೌಂಟ್, ಬೇರಿಂಗ್ ಎಲ್ಲಾ ಹಾಕ್ಸಿದ್ರ ಒಂದ್ ಬಿಲ್, ಹೊರಗಿನ ದೇಶದ ಹೊಸಾ ಕಾಯಿಲೋವರ್ ಕಸ್ಟಮ್ಸ್ ಕೂಡಿ ಲಕ್ಷದ ಮ್ಯಾಲ ಹೋಗ್ತೈತಿ. ನಡುವ ಉಳಿಯೂದು ಸೆಕೆಂಡ್ ಹ್ಯಾಂಡ್.

ಕಾಯಿಲೋವರ್ ಅಂದ ಕೂಡ್ಲೆ ನಮ್ಮ ಹುಡುಗೂರು ಗಾಡಿ ಇಳಸೂದು ಅಂತನ ತಿಳಕೋತಾರ. ಹಂಗಲ್ಲ ಅದು. ಶಾಕಪ್ ಬಾಡಿ ಮ್ಯಾಲ ಚೂಡಿ (ಥ್ರೆಡ್) ಕಟ್ ಮಾಡಿರ್ತಾರ, ಅದರ ಮ್ಯಾಲ ಒಂದ್ ಕಾಲರ್, ಕಾಲರ್ ಮ್ಯಾಲ ಸ್ಪ್ರಿಂಗ್ ಕೂಡತೈತಿ. ಕಾಲರ್ ತಿರುವಿದ್ರ ಎತ್ತರ ಬದಲಾಗತೈತಿ. ಖರೇ ರೊಕ್ಕ ಇರೂದು ಒಳಗಿನ ಡ್ಯಾಂಪರ್‌ದಾಗ, ಅಂದ್ರ ಸ್ಪ್ರಿಂಗ್ ಕುಣಿತ ತಡಿಯೂ ಎಣ್ಣಿ ಸಿಲಿಂಡರ್‌ದಾಗ, ತುದಿಗೆ ಒಂದು ನಾಬ್ ಇರ್ತೈತಿ, ಅದನ್ನ ಕ್ಲಿಕ್ ಕ್ಲಿಕ್ ಅಂತ ತಿರುವಿದ್ರ ಸ್ಪ್ರಿಂಗ್ ಎಷ್ಟು ಲಗೂನ ವಾಪಸ್ ಬರ್ಬೇಕು, ಎಷ್ಟು ತಡದು ಬರ್ಬೇಕು ಅನ್ನೂದು ನಿಮ್ಮ ಕೈಯಾಗ ಬರತೈತಿ. ಪೋಲೋದಾಗ ಇನ್ನೊಂದ್ ವಿಷಯ ಐತಿ, ಮುಂದ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ ಎರಡೂ ಒಂದರಾಗ) ಇರೂದ್ರಿಂದ ಅಲ್ಲಿ ಖರೇ ಕಾಯಿಲೋವರ್ ಬರ್ತೈತಿ, ಹಿಂದ ಟಾರ್ಶನ್ ಬೀಮ್ (ಎರಡೂ ಗಾಲಿ ಕೂಡಿಸೂ ಅಡ್ಡ ತೊಲಿ), ಅಲ್ಲಿ ಸ್ಪ್ರಿಂಗ್ ಬ್ಯಾರೆ ಶಾಕಪ್ ಬ್ಯಾರೆ ಕೂಡತಾವು, ಹಂಗಾಗಿ ಕಿಟ್‌ದಾಗ ಹಿಂದಿನದಕ್ಕ ಬರೇ ಎತ್ತರದ ಅಡ್ಜಸ್ಟರ್, ಸ್ಪ್ರಿಂಗ್, ಮತ್ತ ಬ್ಯಾರೆ ಡ್ಯಾಂಪರ್ ಕೊಟ್ಟಿರ್ತಾರ. ಯಾರರ ನಾಲ್ಕೂ ಒಂದ ಥರ ಇಲ್ಲ, ಕಿಟ್ ಅರ್ಧ ಐತಿ ಅಂದ್ರ ನಂಬಬ್ಯಾಡ್ರಿ.

ನನಗ ಸಿಕ್ಕಿದ್ದು ತೈವಾನ್ ಕಿಟ್, ಪುಣೆಯಾಗ ಒಬ್ರ ಕಡೆಯಿಂದ, 42 ಸಾವಿರಕ್ಕ. ಪುಣೆ ಯಾಕಂದ್ರ ಪೋಲೋ ತಯಾರಾಗಿದ್ದ ಚಾಕಣ ಅಲ್ಲೇ ಬಾಜೂಕ, ಆ ಕಡೆ ಈ ಗಾಡಿ ಭಾಳ, ಸಾಮಾನೂ ಭಾಳ ಸಿಗತಾವು, ಮತ್ತ ನಮಗ ಹೈವೇ ಸೀದಾ. ಮಾರಾಂವ ಫೋನ್‌ದಾಗ ಏಕದಂ ಫ್ರೆಶ್ ಕಂಡೀಶನ್ ಅಂದಿದ್ದ. ನಾ ಹೋಗಿ ಕೈಲೇ ನೋಡಿ ತಂದೆ, ಫೋಟೋ ನೋಡಿ ಕೊರಿಯರ್ ಮಾಡಸ್ಕೊಳ್ಳೂ ಸಾಮಾನ ಇದಲ್ಲ. ಏನ್ ನೋಡಬೇಕು ಅಂದ್ರ, ಮೊದ್ಲ ರಾಡ್. ಕ್ರೋಮ್ ಮ್ಯಾಲ ಉಗರ ಎಳೀರಿ, ಉಗರ ಎಲ್ಲೆರ ಸಿಕ್ಕೊಂಡ್ರ ಅಲ್ಲಿ ತುಕ್ಕು ತಿಂದೈತಿ ಅಂತ ಅರ್ಥ, ಆ ತಗ್ಗು ಹೊಸಾ ಸೀಲನ್ನೂ ಹರಿತೈತಿ. ರಾಡ್ ಬುಡಕ ಎಣ್ಣಿ ಪಸೆ ಐತೇನು ನೋಡ್ರಿ, ಒರೆಸಿ ಕ್ಲೀನ್ ಮಾಡಿ ಇಟ್ಟಿದ್ರ ಬಂಪ್ ಸ್ಟಾಪ್ (ರಾಡ್ ಪೂರಾ ಒಳಗ ಹೋಗಿ ಬಡಿದಂಗ ತಡಿಯೂ ರಬ್ಬರ್) ಒಳಗ ಬಟ್ಟಿ ಹಾಕಿ ನೋಡ್ರಿ, ಅಲ್ಲಿ ಯಾರೂ ಒರಸಂಗಿಲ್ಲ. ಕಾಲರ್ ಎಲ್ಲಾ ಚೂಡಿ ಮ್ಯಾಲ ಕೈಲೆ ತಿರುಗತಾವೇನು. ಮ್ಯಾಲಿನ ಪಿಲ್ಲೋಬಾಲ್ ಮೌಂಟ್ (ರಬ್ಬರ್ ಬದಲಿ ಲೋಹದ ಗುಂಡ ಜಾಯಿಂಟ್ ಇರೂ ಮೌಂಟ್) ಅಲ್ಲಾಡಿಸಿದ್ರ ಟಕಟಕ ಅಂತೈತೇನು. ನಾಬ್ ಪೂರಾ ಗಟ್ಟಿ ಕಡೆಯಿಂದ ಪೂರಾ ಮೆತ್ತಗಿನ ಕಡೆ ತನಕ ಪ್ರತಿ ಕ್ಲಿಕ್ ಕೈಗೆ ಹತ್ತತೈತೇನು.

ಎಲ್ಲಾಕ್ಕಿಂತ ಮುಖ್ಯ ಪರೀಕ್ಷೆ ಗ್ಯಾಸಿಂದು. ಮೋನೋಟ್ಯೂಬ್ (ಒಂದ ಕೊಳವಿದು) ಡ್ಯಾಂಪರ್ ಇದ್ರ ಅದರ ತಳದಾಗ ನೈಟ್ರೋಜನ್ ಪ್ರೆಶರ್ ಮ್ಯಾಲ ಇರ್ತೈತಿ, ನಡುವ ಒಂದು ತೇಲೂ ಪಿಸ್ಟನ್, ಮ್ಯಾಲ ಎಣ್ಣಿ. ಸ್ಪ್ರಿಂಗ್ ತಗದು ರಾಡ್ ಒಳಗ ಒತ್ತಿ ಕೈ ಬಿಟ್ರ ಅದು ತಾನ ನಿಧಾನಕ್ಕ ಹೊರಗ ಬರ್ಬೇಕು. ಬರಲಿಲ್ಲ ಅಂದ್ರ ಗ್ಯಾಸ್ ಹೋಗೇತಿ. ನಾ ನೋಡಿದ ನಾಲ್ಕರಾಗ ಮೂರು ಬಂದ್ವು, ಮುಂದಿನ ಎಡಗಡೆದು ಒತ್ತಿದಲ್ಲೇ ಕೂತ್ತು. ಮಾರಾಂವಗ ತೋರಿಸಿದೆ, ಅವಂಗ ಇದು ಗೊತ್ತಿತ್ತೋ ಇಲ್ಲೋ ದೇವರಿಗೇ ಗೊತ್ತು, ರೇಟ್ ಮಾತ್ರ ಇಳಿಸಿದ, 42 ಆಗಿದ್ದು ಅದಕ್ಕ. ಮತ್ತ ಒಂದು ನೋಡ್ರಿ, ಡ್ಯಾಂಪರ್ ತಳದಾಗ ಗ್ಯಾಸ್ ತುಂಬೂ ವಾಲ್ವ್ ಇದ್ದು ಮ್ಯಾಲಿನ ಕ್ಯಾಪ್ ಚೂಡಿ ಮ್ಯಾಲ ಬಿಚ್ಚೂವಂಗ ಇದ್ರ ಮಾತ್ರ ಅದನ್ನ ಹಳೇದ ತಗೋರಿ, ವೆಲ್ಡ್ ಮಾಡಿ ಮುಚ್ಚಿದ್ದು ಇದ್ರ ಸೀಲ್ ಹೋದ ದಿನ ಅದು ಗುಜರಿ.

ಈಗ ಬರೂದು ನನಗ ಭಾಳ ಖುಷಿ ಕೊಟ್ಟ ಭಾಗ. ಶಾಕಪ್ ರೀಬಿಲ್ಡ್ ಅಂದ್ರ ಎಲ್ಲಾರೂ ಬೆಂಗಳೂರಿಗೆ ಕಳಸು, ಪುಣೆಗೆ ಕಳಸು ಅಂತಾರ. ನಮ್ಮ ಉದ್ಯಮಬಾಗದಾಗ ಫೌಂಡ್ರಿ, ಲೇಥ್, ಹೈಡ್ರಾಲಿಕ್ ಕೆಲಸ ಎಷ್ಟು ವರ್ಷದಿಂದ ನಡದೈತಿ, ಹೈಡ್ರಾಲಿಕ್ಸ್ ಅಂದ್ರ ದೇಶದಾಗ ಬೆಳಗಾವಿ ಹೆಸರು ತಗೋತಾರ, ಆ ಊರಾಗ ಇದ್ದು ಒಂದು ಸೀಲ್ ಸಲುವಾಗಿ ಬ್ಯಾರೆ ಊರಿಗೆ ಯಾಕ ಹೋಗಬೇಕು ಅನಿಸ್ತು. ಪ್ರೆಸ್ ಸಿಲಿಂಡರ್, ಜೆಸಿಬಿ ಸಿಲಿಂಡರ್ ರಿಪೇರಿ ಮಾಡೂ ಒಂದು ಸಣ್ಣ ಶೆಡ್ ಐತಿ, ಬೋರ್ಡ್ ಸೈತ ಇಲ್ಲ, ಅಲ್ಲಿಯ ಕಾಕಾರಿಗೆ ಡ್ಯಾಂಪರ್ ಕೈಯಾಗ ಕೊಟ್ಟೆ. ಅವ್ರು ತಿರುವಿ ಮುರುವಿ ನೋಡಿ ತಳದ ವಾಲ್ವ್ ಮ್ಯಾಲ ಬೆರಳಿಟ್ಟು ಹೇಳಿದ್ರು, "ತಮ್ಮಾ, ಇದು ಅಕ್ಯುಮುಲೇಟರ್ ಇದ್ದಂಗ ಐತಲ್ಲೋ, ಸಣ್ಣದು ಅಷ್ಟ." ಖರೇನ, ದೊಡ್ಡ ಹೈಡ್ರಾಲಿಕ್ ಪ್ರೆಸ್‌ದಾಗ ಇರೂ ಪಿಸ್ಟನ್ ಅಕ್ಯುಮುಲೇಟರ್ ಒಳಗೂ ಒಂದ್ ಕಡೆ ನೈಟ್ರೋಜನ್, ನಡುವ ತೇಲೂ ಪಿಸ್ಟನ್, ಇನ್ನೊಂದ್ ಕಡೆ ಎಣ್ಣಿ. ಅದಕ್ಕ ಗ್ಯಾಸ್ ತುಂಬೂ ಕಿಟ್, ರೆಗ್ಯುಲೇಟರ್, ಗೇಜ್, ಸಿಲಿಂಡರ್ ಎಲ್ಲಾ ಅವ್ರ ಕಡೆ ಮೊದ್ಲ ಇದ್ವು. ಟೈರ್ ಅಂಗಡಿಯ ನೈಟ್ರೋಜನ್ ಇಲ್ಲಿ ನಡೆಯಂಗಿಲ್ಲ ನೆನಪಿಡ್ರಿ, ಅದು ಟೈರ್‌ಗೆ ಸಾಲೂ ಅಷ್ಟ ಪ್ರೆಶರ್, ಇದಕ್ಕ 10 ಬಾರ್‌ಗಿಂತ ಮ್ಯಾಲ ಬೇಕು, ತುಂಬಿದ ಇಂಡಸ್ಟ್ರಿಯಲ್ ಸಿಲಿಂಡರ್‌ದಾಗ 150 ಬಾರ್ ಆಸುಪಾಸು ಇರ್ತೈತಿ, ಅಲ್ಲಿಂದ ರೆಗ್ಯುಲೇಟರ್ ಹಾಕಿ ಇಳಿಸಿ ತುಂಬಬೇಕು. ಕಂಪನಿ ಹೇಳಿದ ಪ್ರೆಶರ್ ಎಷ್ಟೋ ಅಷ್ಟ, ಜಾಸ್ತಿ ತುಂಬಿದ್ರ ಗಾಡಿ ಗಟ್ಟಿ ಆಗ್ತೈತಿ, ಸೀಲ್ ಮ್ಯಾಲ ಭಾರ ಬೀಳತೈತಿ.

ಕಾಕಾ ಮಾಡಿದ ಎರಡು ವಿಚಾರ ನನಗ ಮೆಚ್ಚುಗಿ ಆದ್ವು. ಒಂದು, ಪ್ರೆಸ್ ಸಿಲಿಂಡರಿಗೆ ಹಾಕೂ ಗಟ್ಟಿ ಪಾಲಿಯುರೇಥೇನ್ ಸೀಲ್ ಇದಕ್ಕ ಹಾಕ್ಲಿಲ್ಲ, ಅದು ರಾಡನ್ನ ಬಿಗಿ ಹಿಡಿತೈತಿ, ಪ್ರೆಸ್ಸಿಗೆ ಅದು ನಡಿತೈತಿ ಆದ್ರ ಗಾಡಿಗೆ ಸಣ್ಣ ಸಣ್ಣ ಉಬ್ಬು ಬಂದಾಗ ರಾಡ್ ಜಾರಬೇಕಲ್ಲ, ಅದಕ್ಕ ಕಡಿಮಿ ಘರ್ಷಣೆದು, ಶಾಖಕ್ಕ ತಡಿಯೂ ವೈಟನ್ ರಬ್ಬರ್ ಸೀಲ್ ಅಳತಿ ತಗೊಂಡು ತರಿಸಿದ್ರು. ಎರಡನೇದು ಎಣ್ಣಿ. ಶೆಡ್‌ದಾಗ ಡ್ರಮ್ ಗಟ್ಟಲೆ 68 ನಂಬರ್ ಹೈಡ್ರಾಲಿಕ್ ಎಣ್ಣಿ ಇದ್ರೂ ಅದನ್ನ ಮುಟ್ಟಲಿಲ್ಲ, ಶಾಕಪ್ ಎಣ್ಣಿ ಭಾಳ ತೆಳು ಇರ್ತೈತಿ, 68 ಹಾಕಿದ್ರ ನಾಬ್ ಪೂರಾ ಮೆತ್ತಗ ಮಾಡಿದ್ರೂ ಗಾಡಿ ಕಟ್ಟಿಗಿ ಆಗ್ತೈತಿ, ನೀವ ಸರಿಯಾದ ಶಾಕ್ ಆಯಿಲ್ ತಂದು ಕೊಡ್ರಿ ಅಂದ್ರು, ತಂದು ಕೊಟ್ಟೆ. ಹಾಕುವಾಗ ಗಾಳಿ ಗುಳ್ಳಿ ಒಂದೂ ಉಳೀಬಾರದು ಅಂತ ಪಿಸ್ಟನ್ ನಿಧಾನಕ್ಕ ಮ್ಯಾಲ ಕೆಳಗ ಮಾಡ್ಕೋತ ಭಾಳ ಹೊತ್ತು ಕೂತಿದ್ರು, ಅವಸರ ಇಲ್ಲ, ಮೊಬೈಲ್ ಇಲ್ಲ. ಹಾಳಾಗಿದ್ದು ಒಂದ, ನಾ ನಾಲ್ಕೂ ಮಾಡಿಸಿದೆ, ಒಂದು ಹೊಸಾ ಎಣ್ಣಿ ಮೂರು ಹಳೇ ಎಣ್ಣಿ ಇದ್ರ ಎಡಬಲ ಒಂದ ಥರ ಕೆಲಸ ಮಾಡೂದಿಲ್ಲ. ಸೀಲ್, ಎಣ್ಣಿ, ಗ್ಯಾಸ್, ಮಜೂರಿ ಕೂಡಿ 14 ಸಾವಿರ ಆತು. ಗಟ್ಟಿ ಕೂತಿದ್ದ ಎರಡು ಕಾಲರ್ ಬಿಚ್ಚಾಕ ಹುಕ್ ಪಾನಾ ಬೇಕಿತ್ತು, ಬಾಜೂಕ ಲೇಥ್‌ದವ್ರು ಪಟ್ಟಿ ಕಟ್ ಮಾಡಿ ಅಳತಿಗೆ ಮಾಡಿಕೊಟ್ರು, ಇವತ್ತೂ ಅದು ನನ್ನ ಡಿಕ್ಕಿಯಾಗ ಐತಿ.

ಫಿಟಿಂಗ್ ಟಿಳಕವಾಡಿ ಕಡೆ ಒಂದು ಗ್ಯಾರೇಜ್‌ದಾಗ. ಪೋಲೋ ಮುಂದಿನ ಸ್ಟ್ರಟ್ ಬೋಲ್ಟ್ ಮ್ಯಾಲ ನಿಂತಿರೂದಿಲ್ಲ, ಹಬ್ ನಕಲ್ (ಗಾಲಿ ಹಿಡದಿರೂ ಲೋಹದ ಭಾಗ) ಕಿಂಡಿಯೊಳಗ ಸಿಕ್ಕಿಸಿ ಒಂದು ಬೋಲ್ಟ್ ಬಿಗಿಸಿರ್ತಾರ, ಆ ಕಿಂಡಿ ಅಗಲ ಮಾಡಾಕ ಸ್ಪ್ರೆಡರ್ ಅಂತ ಒಂದು ಟೂಲ್ ಬರ್ತೈತಿ. ಅದು ಇಲ್ಲದ ಗ್ಯಾರೇಜ್‌ದಾಗ ಚಾಣ ಹಾಕಿ ಹೊಡೀತಾರ, ಸುತ್ತಿಗಿ ತಗೋತಾರ, ಹಂಗ ಮಾಡಾಕ ಬಿಡಬ್ಯಾಡ್ರಿ, ನಕಲ್ ಸೀಳಿದ್ರ ಅದರ ರೇಟ್ ಬ್ಯಾರೆ. ನಮ್ಮ ಮಿಸ್ತ್ರಿ ಅಣ್ಣನ ಕಡೆ ಟೂಲ್ ಇತ್ತು. ಫೋಕ್ಸ್‌ವ್ಯಾಗನ್‌ದಾಗ ಇಂಥಾ ಕಡೆ ಬೋಲ್ಟ್ ಒಂದ್ ಸಲ ಉಪಯೋಗ ಮಾಡಿ ಒಗಿಯೂವು, ಇಷ್ಟು ಟಾರ್ಕ್ ಆದ ಮ್ಯಾಲ ಮತ್ತ ಇಷ್ಟು ಡಿಗ್ರಿ ತಿರುವು ಅಂತ ಇರ್ತೈತಿ, ಹಿಗ್ಗಿದ ಬೋಲ್ಟ್ ಮತ್ತ ಹಾಕಬಾರದು, ಹೊಸಾವು ಮೊದ್ಲ ತಂದಿಟ್ಕೊಂಡ ಗಾಡಿ ಒಯ್ಯಿರಿ. ಮುಂದಿನ ಆರ್ಮ್ (ಗಾಲಿಯನ್ನ ಬಾಡಿಗೆ ಕೂಡಿಸೂ ತೋಳ) ಬುಶ್ಶಿನ ಬೋಲ್ಟ್ ಗಾಡಿ ಜ್ಯಾಕ್ ಮ್ಯಾಲ ಇದ್ದಾಗ ಫುಲ್ ಟೈಟ್ ಮಾಡಬಾರದು, ಗಾಲಿ ಮ್ಯಾಲ ಭಾರ ಬಿದ್ದಾಗ ಮಾಡಬೇಕು, ಇಲ್ಲಾಂದ್ರ ರಬ್ಬರ್ ಸದಾ ತಿರುಚಿದಂಗ ಇದ್ದು ಲಗೂನ ಹರಿತೈತಿ. ಇದನ್ನ ನಾ ಹೇಳೂದ್ರೊಳಗ ಅಣ್ಣ ಗಾಡಿ ಇಳಿಸಿ ಆಗಿತ್ತು.

ಎತ್ತರದ ಬಗ್ಗೆ ನಾ ಸ್ವಲ್ಪ ಜೋರಾಗಿನ ಹೇಳ್ತೀನಿ. ಈ ಕಿಟ್ ಗಾಡಿಯನ್ನ ಭಾಳ ಕೆಳಗ ಇಳಿಸ್ತೈತಿ, ನಾ ಇಳಿಸಿದ್ದು ಮುಂದ 15 ಎಂಎಂ, ಹಿಂದ 10 ಎಂಎಂ, ಅಷ್ಟ. ಕಾರಣ ಬರೇ ತಗ್ಗು ದಿಣ್ಣಿ ಅಲ್ಲ. ಮ್ಯಾಕ್‌ಫರ್ಸನ್ ಗಾಡಿ ಇಳಿಸಿದಂಗ ಕೆಳಗಿನ ಆರ್ಮ್ ಗಾಲಿ ಕಡೆ ಮ್ಯಾಲ ಏಳತೈತಿ, ಆಗ ರೋಲ್ ಸೆಂಟರ್, ಅಂದ್ರ ಗಾಡಿ ವಾಲುವಾಗ ತಿರುಗೂ ನಡುಬಿಂದು, ಗಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗ ಹೋಗ್ತೈತಿ, ಅಂದ್ರ ತಿರುವಿನಾಗ ಗಾಡಿ ಹೊಳ್ಳಿಸೂ ಬಲ ಹೆಚ್ಚಾಗ್ತೈತಿ, ನೋಡಾಕ ರೇಸ್ ಗಾಡಿ, ಓಡಿಸಾಕ ಮೊದಲಿಗಿಂತ ಕೆಟ್ಟದ್ದು. ಡ್ರೈವ್‌ಶಾಫ್ಟ್ ಜಾಯಿಂಟ್ ಕೋನ ಕೆಡತೈತಿ, ಬಂಪ್ ಸ್ಟಾಪ್ ಹತ್ರ ಬರ್ತೈತಿ. ಇನ್ನ ನಮ್ಮ ಸ್ಪೀಡ್ ಬ್ರೇಕರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ದು ಐಆರ್‌ಸಿ 99 ಅಂತ ಒಂದು ನಿಯಮ ಐತಿ, ಹಂಪ್ ಅಂದ್ರ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25ರ ಸ್ಪೀಡ್‌ದಾಗ ದಾಟೂವಂಗ. ಅಂಥಾ ಹಂಪ್ ಇದ್ರ ಈ ಎತ್ತರದಾಗ ಸಲೀಸ ದಾಟ್ತೈತಿ. ಆದ್ರ ಹಳ್ಳಿ ಮುಂದ ಮಂದಿ ತಾವ ಹಾಕ್ಕೊಂಡ ಬ್ರೇಕರ್ ಒಂದ್ ಹೆಜ್ಜಿ ಅಗಲ, ಮೊಣಕಾಲ ಹತ್ರ ಎತ್ತರ, ಅಲ್ಲಿ ಅಡ್ಡ ಮಾಡಿ ಒಂದೊಂದ ಗಾಲಿ ಇಳಿಸ್ಕೊಂಡ ಹೋಗಬೇಕು. ಇನ್ನೂ 20 ಎಂಎಂ ಇಳಿಸಿದ್ರ ಅದೂ ಆಗೂದಿಲ್ಲ.

ಕಿಟ್ ಫುಲ್ ಲೆಂತ್ ಅಡ್ಜಸ್ಟೇಬಲ್ ಇದ್ದಿದ್ದು ಒಳ್ಳೇದಾತು, ಅಂದ್ರ ಸ್ಪ್ರಿಂಗ್ ಪ್ರೀಲೋಡ್ (ಮೊದ್ಲ ಒತ್ತಿಟ್ಟ ಬಿಗಿ) ಮುಟ್ಟದ ಕೆಳಗಿನ ಬಾಡಿ ತಿರುವಿ ಎತ್ತರ ಇಡಬಹುದು, ಶಾಕಪ್ ಓಡಾಟ ಕಡಿಮಿ ಆಗೂದಿಲ್ಲ. ಬರೇ ಸ್ಪ್ರಿಂಗ್ ಕಾಲರ್ ಒಂದ ಇರೂ ಅಗ್ಗದ ಕಿಟ್‌ದಾಗ ಕಾಲರ್ ಇಳಿಸಿದಷ್ಟು ರಾಡ್ ಒಳಗ ಕೂಡತೈತಿ, ಓಡಾಟ ಮುಗಿತೈತಿ. ಹಿಂದ ಸ್ಪ್ರಿಂಗ್ ಗಾಲಿ ಅಚ್ಚಿಗಿಂತ ಸ್ವಲ್ಪ ಮುಂದ ಕೂತಿರೂದ್ರಿಂದ ಕಾಲರ್ ತಿರುವಿದಷ್ಟಕ್ಕಿಂತ ಗಾಲಿ ಹತ್ರ ಜಾಸ್ತಿ ಇಳಿತೈತಿ, ಅಳತಿ ಯಾವಾಗ್ಲೂ ಗಾಲಿ ನಡುವಿನಿಂದ ಮಡಗಾರ್ಡ್ ಅಂಚಿಗೆ ಟೇಪ್ ಹಿಡದು ಮಾಡ್ರಿ.

ಅಲೈನ್‌ಮೆಂಟ್‌ದ್ದು ಒಂದು ಕಹಿ ಅನುಭವ. ಮೊದ್ಲ ಹೋದ ಕಡೆ ಮಷಿನ್ ದೊಡ್ಡದಿತ್ತು, ಎಸಿ ಕ್ಯಾಬಿನ್ ಇತ್ತು, ಹುಡುಗ ಕಂಪನಿ ನಂಬರಿಗೆ ಟೋ (ಗಾಲಿ ಮುಂದ ಒಳಗ ಇಲ್ಲಾ ಹೊರಗ ತಿರುಗಿದ ಕೋನ) ಕೂಡಿಸಿ ಬಿಲ್ ಕೊಟ್ಟ, ಕ್ಯಾಂಬರ್ (ಗಾಲಿ ಮ್ಯಾಲಿನ ಕಡೆ ಒಳಗ ಇಲ್ಲಾ ಹೊರಗ ವಾಲಿದ ಕೋನ) ಎಡ ಬಲ ಅರ್ಧ ಡಿಗ್ರಿ ಫರಕ್ ಇದ್ದಿದ್ದು ಪ್ರಿಂಟ್‌ದಾಗ ಕೆಂಪ ಕಾಣತಿದ್ರೂ ನೋಡ್ಲಿಲ್ಲ. ಕೇಳಿದ್ರ ಈ ಗಾಡಿಯಾಗ ಕ್ಯಾಂಬರ್ ಅಡ್ಜಸ್ಟ್ ಆಗೂದಿಲ್ರಿ ಸರ್ ಅಂದ. ಕಂಪನಿ ಸ್ಟ್ರಟ್ ಇದ್ದಾಗ ಅದು ನಿಜ, ಆದ್ರ ಈ ಕಿಟ್‌ದಾಗ ಮ್ಯಾಲ ಕ್ಯಾಂಬರ್ ಪ್ಲೇಟ್ ಅದಾವು, ನಾಲ್ಕು ಬೋಲ್ಟ್ ಸಡ್ಲ ಮಾಡಿ ಸರಸಿದ್ರ ಆತು. ಮತ್ತೊಂದು ಕಡೆ ನಾನ ನಿಂತು ಮಾಡಿಸಿದೆ, ಮೊದ್ಲ ಎತ್ತರ, ಆಮ್ಯಾಲ ಕ್ಯಾಂಬರ್ ಎರಡೂ ಕಡೆ ಮೈನಸ್ 1 ಡಿಗ್ರಿ, ಕಡೀಕ ಟೋ ಸೀದಾ. ಈ ಕ್ರಮ ತಪ್ಪಿದ್ರ ಮೊದಲಿಂದ ಮತ್ತ ಮಾಡಬೇಕಾಗ್ತೈತಿ, ಯಾಕಂದ್ರ ಎತ್ತರ ಬದಲಾದ್ರ ಟೋ ಬದಲಾಗ್ತೈತಿ, ಟೋ ತಪ್ಪಿದ್ರ ಟೈರ್ ಒಳಗಿನ ಅಂಚ ತಿಂದು ಹೋಗ್ತೈತಿ. ಹೆಡ್‌ಲೈಟ್ ಸೈತ ಮತ್ತ ಸೆಟ್ ಮಾಡಸ್ರಿ.

ಓಡಿಸಿದ್ರ ಹೆಂಗ ಐತಿ. ಮುಂದಿನ ಸ್ಪ್ರಿಂಗ್ 5 ಕೆಜಿ ಪರ್ ಎಂಎಂ, ಅಂದ್ರ 5 ಕೆಜಿ ಭಾರ ಹಾಕಿದ್ರ 1 ಎಂಎಂ ಇಳಿತೈತಿ, ಕಂಪನಿ ಸ್ಪ್ರಿಂಗ್‌ಗಿಂತ ಎರಡು ಪಟ್ಟ ಗಟ್ಟಿ. ಮುಂದಿನ ಒಂದು ಗಾಲಿ ಮ್ಯಾಲ 300 ಕೆಜಿ ಆಸುಪಾಸು ಬಾಡಿ ಭಾರ ಹಿಡದು ಲೆಕ್ಕ ಹಾಕಿದ್ರ ಗಾಡಿ ಸೆಕೆಂಡಿಗೆ ಎರಡು ಸಲ ಕುಣಿಯೂವಷ್ಟು ಬಿಗಿ ಬರ್ತೈತಿ, ಸಾದಾ ಫ್ಯಾಮಿಲಿ ಗಾಡಿ ಒಂದೂವರಿ ಒಳಗ ಇರ್ತೈತಿ. ಹಂಗಾಗಿ ಖಡೇಬಜಾರ್ ಕಡೆ, ಕಾಮಗಾರಿ ನಡದ ಗಲ್ಲಿಯಾಗ, ಸಣ್ಣ ಸ್ಪೀಡ್‌ದಾಗ ಪ್ರತಿ ಕಲ್ಲು ತಿಳಿತೈತಿ, ಅದನ್ನ ಮುಚ್ಚಿಟ್ಟು ಹೇಳೂದಿಲ್ಲ. ನಮ್ಮ ಅವ್ವ ಹಿಂದ ಕೂತು ಸೊಂಟ ಹಿಡಕೊಂಡ್ಲು, ಆಮ್ಯಾಲ ಹಿಂದಿನ ಕ್ಲಿಕ್ ಪೂರಾ ಮೆತ್ತಗ ಮಾಡಿದ್ ಮ್ಯಾಲ ಈಗ ಪರವಾಗಿಲ್ಲ ಅಂತಾಳ. ಆದ್ರ 60 ದಾಟಿತು ಅಂದ್ರ ಇದು ಬ್ಯಾರೆನ ಗಾಡಿ. ಉಬ್ಬು ಬಂತು, ಒಂದ್ ಸಲ ಏರಿತು, ಇಳೀತು, ಮುಗೀತು, ಮತ್ತ ಕುಣಿಯೂದ ಇಲ್ಲ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ, ಎಡ ತಿರುವು ಮುಗಿಯೂದ್ರೊಳಗ ಬಲ ತಿರುವು ಬರೂ ಅಲ್ಲಿ, ಮೊದ್ಲ ಗಾಡಿ ಒಂದ್ ಕಡೆ ವಾಲಿದ್ದು ಇನ್ನೊಂದ್ ಕಡೆ ಬರೂತನಕ ಕಾಯಬೇಕಾಗ್ತಿತ್ತು, ಈಗ ಸ್ಟೇರಿಂಗ್ ತಿರುವಿದ ಕೂಡ್ಲೆ ಮೂತಿ ಬರ್ತೈತಿ. ಬ್ರೇಕ್ ಒತ್ತಿದ್ರ ಮೂತಿ ನೆಲಕ್ಕ ಬೀಳೂದಿಲ್ಲ. ಸ್ಪೀಡ್ ಜಾಸ್ತಿ ಹೋಗಬೇಕು ಅಂತ ಇಲ್ಲ, ಅದ ಸ್ಪೀಡ್‌ದಾಗ ಮನಸ್ಸಿಗೆ ಧೈರ್ಯ ಇರ್ತೈತಿ, ನನಗ ಬೇಕಿದ್ದು ಇದ.

ಕ್ಲಿಕ್ ವಿಷಯಕ್ಕ ಬಂದ್ರ, ಪೂರಾ ಗಟ್ಟಿ ಕಡೆ ಮೆಲ್ಲಕ ತಿರುವಿ ಅಲ್ಲಿಂದ ಹಿಂದಕ್ಕ ಎಣಿಸ್ರಿ, ಜೋರ್ ಮಾಡಿದ್ರ ಒಳಗಿನ ಸೂಜಿ ಕೂಡೂ ಜಾಗ ಹಾಳಾಗ್ತೈತಿ. ಎಡಬಲ ಒಂದ ನಂಬರ್. ಗಟ್ಟಿ ಮಾಡಿದಷ್ಟು ಚಲೋ ಅಂತ ತಿಳಕೊಂಡವ್ರಿಗೆ ಒಂದ ಮಾತ, ರಿಬೌಂಡ್ (ಒತ್ತಿದ ಸ್ಪ್ರಿಂಗ್ ವಾಪಸ್ ಬರೂದು) ಭಾಳ ಬಿಗಿ ಆದ್ರ ಒಂದರ ಹಿಂದ ಒಂದ ಉಬ್ಬು ಬರೂ ರಸ್ತಾದಾಗ ಸ್ಪ್ರಿಂಗ್ ವಾಪಸ್ ಬರೂದ್ರೊಳಗ ಮುಂದಿನ ಉಬ್ಬು ಬರ್ತೈತಿ, ಗಾಡಿ ಹಂಗ ಕೂತ್ಕೋತ ಕೂತ್ಕೋತ ಬಂಪ್ ಸ್ಟಾಪ್ ಮ್ಯಾಲ ಬೀಳತೈತಿ. ಖಾನಾಪುರ ಕಡೆ ಮಳಿಗಾಲ ಮುಗದ್ ಮ್ಯಾಲ ರಸ್ತಾ ಹೆಂಗಿರ್ತೈತಿ ನಿಮಗ ಗೊತ್ತಲ್ಲ, ಅಲ್ಲಿ ಮೆತ್ತಗ ಮಾಡಿದ್ರನ ಟೈರ್ ನೆಲ ಹಿಡಿತೈತಿ.

ಎಂಟಕ್ಕ ನಿಲ್ಲಿಸಿ ಎರಡು ಮಾರ್ಕ್ ಕಡದಿದ್ದು ಎರಡು ಕಾರಣಕ್ಕ. ಪಿಲ್ಲೋಬಾಲ್ ಮೌಂಟ್‌ದಾಗ ರಬ್ಬರ್ ಇಲ್ಲದ್ದಕ್ಕ ಸಪ್ಪಳ ಒಳಗ ಬರ್ತೈತಿ, ಧೂಳ ಹೊಕ್ರ ಸವೀತಾವು, ಮುಂದಿನ ಒಂದು ಬದಲಿ ಮಾಡ್ಸಿದ್ದೂ ಆತು. ಇನ್ನೊಂದು ನಮ್ಮ ಮಳಿ ಮತ್ತ ಕೆಂಪ ಮಣ್ಣು. ಕಣಕುಂಬಿ ಅಂದ್ರ ಮಲಪ್ರಭಾ ಹುಟ್ಟೂ ಜಾಗ, ಆ ಕಡೆ ಜೂನ್‌ದಿಂದ ಬೀಳೂ ಮಳಿಯಾಗ ಓಡಿಸಿ ಬಂದು ಹಂಗ ಬಿಟ್ರ ಕೆಂಪ ರಾಡಿ ಚೂಡಿಯೊಳಗ ಒಣಗಿ ಸಿಮೆಂಟ್ ಆಗ್ತೈತಿ, ಕಾಲರ್ ಮತ್ತ ಹಿಡಕೋತಾವು. ಗ್ರೀಸ್ ಹಚ್ಚಬ್ಯಾಡ್ರಿ, ಅದು ಮಣ್ಣ ಇನ್ನೂ ಎಳಕೋತೈತಿ, ಬ್ರಶ್ ಹಾಕಿ ನೀರಿಲೆ ತೊಳದು ಒಣಗಿಸಿ ಡ್ರೈ ಸ್ಪ್ರೇ ಹೊಡದು ಮ್ಯಾಲ ಬಟ್ಟಿ ಕವರ್ ಹಾಕ್ರಿ. ಹಾಕಿಸಿದ ಹೊಸದಾಗಿ ಕೆಲವು ನೂರ ಕಿಲೋಮೀಟರ್ ಆದ ಮ್ಯಾಲ ಎತ್ತರ ಮತ್ತ ಅಳತಿ ಮಾಡಿ ಲಾಕ್ ಕಾಲರ್ ಬಿಗಿ ನೋಡೂದು ಬಿಡಬ್ಯಾಡ್ರಿ.

ಕಾನೂನಿಂದೂ ಕೇಳ್ತಾರ ಮಂದಿ. ಮೋಟಾರ್ ವಾಹನ ಕಾಯ್ದೆ 1988ರ ಸೆಕ್ಷನ್ 52 ಆರ್‌ಸಿಯಾಗ ಬರದಿದ್ದಕ್ಕಿಂತ ಬ್ಯಾರೆ ಆಗೂವಂಗ ಗಾಡಿ ಬದಲಿ ಮಾಡಬಾರದು ಅಂತೈತಿ. ಇನ್ಶೂರೆನ್ಸ್‌ದವ್ರಿಗೆ ಮೊದ್ಲ ಬರದು ತಿಳಿಸಿಬಿಡ್ರಿ, ಕ್ಲೇಮ್ ದಿನ ತಕರಾರು ಬ್ಯಾಡ. ಕಂಪನಿ ಶಾಕಪ್, ಸ್ಪ್ರಿಂಗ್ ಒಗೀಬ್ಯಾಡ್ರಿ, ಮನ್ಯಾಗ ಕಟ್ಟಿ ಇಡ್ರಿ.

ಎಲ್ಲಾ ಕೂಡಿ ನನ್ನ ಖರ್ಚು 70 ಸಾವಿರದ ಒಳಗ ಮುಗೀತು, ಬೋಲ್ಟ್, ಮೌಂಟ್, ಎರಡ್ ಕಡೆ ಅಲೈನ್‌ಮೆಂಟ್ ಹಿಡದು. ದಿನಾ ಬರೇ ಊರಾಗ ಆಫೀಸಿಗೆ ಹೋಗಿ ಬರೂರಿದ್ರ ಹೊಸಾ ಕಂಪನಿ ಶಾಕಪ್ ಹಾಕಸ್ರಿ, ಇದು ಬ್ಯಾಡ. ಘಾಟ್, ಹೈವೇ ಓಡಿಸೂ ಹುಚ್ಚ ಇದ್ರ ಹಾಕಸ್ರಿ. ವಿಜಯಪುರ, ಬಾಗಲಕೋಟಿ ಕಡೆಯಿಂದ ರೀಬಿಲ್ಡ್‌ಗೆ ಬರೂರು ಡ್ಯಾಂಪರ್ ಬಿಚ್ಚಿ ತರುವಾಗ ಯಾವದು ಯಾವ ಗಾಲಿದು ಅಂತ ಪೇಂಟ್ ಮಾರ್ಕ್ ಹಾಕ್ಕೊಂಡ ಬರ್ರಿ, ಈಗಿನ ಕ್ಲಿಕ್ ನಂಬರ್ ಬರದಿಟ್ಕೋರಿ, ಮತ್ತ ಊರಾಗಿನ ಯಾವ ಮಿಸ್ತ್ರಿಗೂ ಮ್ಯಾಲಿನ ಕ್ಯಾಪ್ ಬಿಚ್ಚಾಕ ಬಿಡಬ್ಯಾಡ್ರಿ, ಒಳಗ ಗ್ಯಾಸ್ ಪ್ರೆಶರ್ ಇರ್ತೈತಿ, ಮೊದ್ಲ ವಾಲ್ವ್‌ದಿಂದ ಬಿಡದ ಬಿಚ್ಚಿದ್ರ ಮಾರಿಗೆ ಬಂದು ಬಡೀತೈತಿ. ಶೆಡ್ ರವಿವಾರ ಬಂದ್ ಇರ್ತೈತಿ, ಶನಿವಾರ ಮುಂಜಾನೆ ಬಂದ್ರ ಸೀಲ್ ಅಳತಿ ಅಂದ ತಗೋತಾರ.